ಮೂಲಲೇಖದ ಮುಂದೆ ವಿದ್ಯಾರ್ಥಿ

ಇತಿಹಾಸದ ಪಾಠವೆಂದರೆ ನಮ್ಮ ಪಾಠಶಾಲೆಗಳಲ್ಲಿ ಬಹುಮಟ್ಟಿಗೆ ತೀರ್ಪಿನ ಪಾಠವಾಗಿರುತ್ತದೆ. ಮೊಕದ್ದಮೆ ನಡೆದು, ಸಾಕ್ಷಿಗಳ ವಿಚಾರಣೆ ಮುಗಿದು, ವಾದ ಪ್ರತಿವಾದಗಳಾದ ತರುವಾಯ ನ್ಯಾಯಾಧಿಪತಿಯು ಬರೆದ ಕೊನೆಯ ಎರಡು ಪಂಕ್ತಿಗಳನ್ನು ಮಾತ್ರ ಬಾಲಕನ ಕೈಗಿತ್ತು, ಇದನ್ನು ಬಾಯಿಪಾಠ ಮಾಡು ಎನ್ನುತ್ತೇವೆ. ಸಾಕ್ಷಿ ಹೇಳಿದವನಾರು, ಅವನು ಕಣ್ಣಾರೆ ಕಂಡವನೊ ಇತರರಿಂದ ಕೇಳಿದವನೊ, ಅವನಿಗೆ ಅನ್ನವಿಕ್ಕಿದ ಧಣಿ ಯಾರು, ಅವನ ಮಾತಿಗೆ ವಿರುದ್ಧವಾಗಿ ನುಡಿದವರುಂಟೆ ಎಂಬ ಪ್ರಶ್ನೆಗಳು ಬಾಲಕನ ಬಳಿಗೆ ಬರುವುದೇ ಇಲ್ಲ. ಇಸವಿಗಳೂ ಹೆಸರುಗಳೂ ಪರೀಕ್ಷೆಯ ಮರುದಿನವೇ ಅವನನ್ನು ಬಿಟ್ಟು ಹೋಗುತ್ತವೆ. ಅದು ದೊಡ್ಡ ನಷ್ಟವೇನೂ ಅಲ್ಲ. ಕೇಳಿದ್ದನ್ನು ಪರೀಕ್ಷಿಸದೆ ನಂಬುವ ಅಭ್ಯಾಸ ಮಾತ್ರ ಅವನೊಡನೆ ಉಳಿದು, ದೊಡ್ಡವನಾದಾಗ ಸಂತೆಯಲ್ಲಿ ಕೇಳಿದ ಕಥೆಯನ್ನೂ ಶಿಲಾಶಾಸನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತೆ ಮಾಡುತ್ತದೆ. ನಮ್ಮ ಕಾಲದ ಎಷ್ಟೋ ಜಗಳಗಳಿಗೆ ಇದೇ ಮೂಲವೆಂದು ನಾವು ತಿಳಿಯುತ್ತೇವೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಮಾರ್ಗವುಂಟು. ವಿದ್ಯಾರ್ಥಿಗಳನ್ನು ಒಂದು ಮೂಲಲೇಖದ ಸುತ್ತ ಕುಳ್ಳಿರಿಸಿ, ಅದನ್ನು ಓದಿಸಿ, ಅದರ ಅರ್ಥವನ್ನೂ ಬೆಲೆಯನ್ನೂ ಕುರಿತು ಅವರವರಲ್ಲೇ ಚರ್ಚೆ ನಡೆಯಿಸುವುದು. ಬರ್ಲಿನ್ ನಗರದಲ್ಲಿ 1825ರಿಂದ ಅಧ್ಯಾಪಕನಾಗಿದ್ದ ರಾಂಕೆಯು ಕೆಲವೇ ಮಂದಿ ಶಿಷ್ಯರನ್ನು ಜತೆಗೂಡಿಸಿಕೊಂಡು ಮಧ್ಯಯುಗದ ದಾಖಲೆಗಳನ್ನು ಸಾಲುಸಾಲಾಗಿ ಶೋಧಿಸುವ ಅಭ್ಯಾಸಗೋಷ್ಠಿಯನ್ನು ನಡೆಯಿಸಿದನು. ಯೂರೋಪಿನ ಇತಿಹಾಸಕಾರರ ಒಂದು ಪೀಳಿಗೆಯೇ ಅಲ್ಲಿ ತಯಾರಾಯಿತು. ಇದು ದೊಡ್ಡ ವಿದ್ವಾಂಸರ ಮಾತಾಯಿತು, ಮಕ್ಕಳಿಗೆ ಸಾಧ್ಯವೆ ಎಂದರೆ, ಅಮೆರಿಕದಲ್ಲಿ ಮೇರಿ ಶೆಲ್ಡನ್ ಬಾರ್ನ್ಸ್ ಎಂಬ ವಿದುಷಿ 1885ರಲ್ಲಿಯೇ ಪಾಠಶಾಲೆಯ ಮಕ್ಕಳಿಗಾಗಿ ಮೂಲಲೇಖಗಳ ಭಾಗಗಳನ್ನು ಕೊಟ್ಟು, ಅವುಗಳ ಕೆಳಗೆ ಉತ್ತರಗಳನ್ನು ಕೊಡದೆ ಪ್ರಶ್ನೆಗಳನ್ನು ಮಾತ್ರ ಕೊಟ್ಟ ಪಠ್ಯಪುಸ್ತಕವನ್ನು ಪ್ರಕಟಿಸಿದಳು. ನಮ್ಮ ಹಿರಿಯರಿಗೂ ಇದು ಅಪರಿಚಿತವಾದುದಲ್ಲ. ಪೂರ್ವಪಕ್ಷವನ್ನು ಪೂರ್ತಿಯಾಗಿ ಹೇಳದೆ ಸಿದ್ಧಾಂತವನ್ನು ಹೇಳಬಾರದೆಂಬುದು ಶಾಸ್ತ್ರಪಾಠದ ಹಳೆಯ ಕಟ್ಟು. ಅದನ್ನು ಇತಿಹಾಸಕ್ಕೆ ಅನ್ವಯಿಸುವುದನ್ನು ಮಾತ್ರ ನಾವು ಮರೆತಿದ್ದೇವೆ.

ಈ ಮಾರ್ಗವು ನಮ್ಮ ನಾಡಿನಲ್ಲಿ ಹೇಗೆ ನಡೆದೀತೆಂಬುದನ್ನು ತೋರಿಸುವುದಕ್ಕೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ಭೂಮಿಯನ್ನು ಆರಿಸಿಕೊಂಡಿದ್ದೇವೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಕರಿಯ ನೆಲವನ್ನು ಮೈಸೂರು ಸೀಮೆಯ ನಾವು ಜೋಳದಿಂದಲೂ ಬರಗಾಲದಿಂದಲೂ ಬಲ್ಲೆವೇ ಹೊರತು ಅದರ ಲೇಖಗಳಿಂದ ಬಲ್ಲವರಲ್ಲ. ಮೈಸೂರಿನ ಶಾಸನಗಳು ರೈಸ್ ಸಾಹೇಬರ ಪರಿಶ್ರಮದಿಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚಾಗತೊಡಗಿದವು. 1956ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಸೀಮೆಯ ಶಾಸನಗಳು ಫ್ಲೀಟ್ ಮೊದಲಾದವರ ಲೇಖನಗಳಲ್ಲಿಯೂ ಬೇರೆಬೇರೆ ಸಂಪುಟಗಳಲ್ಲಿಯೂ ಹಂಚಿಹೋಗಿ, ನಮ್ಮವರ ಕಣ್ಣಿಗೆ ಬಿದ್ದುದು ಕಡಿಮೆ.

ಮೊದಲು ಇಂಡಿ ತಾಲ್ಲೂಕಿನ ಸಾಲೋಟಗಿಗೆ ಹೋಗೋಣ. ಇಲ್ಲಿಯ ಒಂದು ಕಲ್ಲುಕಂಬದ ಮೇಲೆ ಸಂಸ್ಕೃತದಲ್ಲಿ ಬರೆದ ಶಾಸನವೊಂದುಂಟು. ಅದೇ ಕಂಬದಲ್ಲಿ ಕನ್ನಡ ಬರಹವೂ ಇದೆ. ಸಂಸ್ಕೃತ ಶಾಸನದ ಕಾಲ ಶಕ 867ರ ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣ. ಆಗ ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಆಳುತ್ತಿದ್ದನು. ಅವನ ಮಂತ್ರಿಯಾದ ನಾರಾಯಣನೆಂಬವನು ಪಾವಿಟ್ಟಗೆ ಎಂಬ ಈ ಊರಿನಲ್ಲಿ ತ್ರಯೀಪುರುಷ ದೇವರ ಸನ್ನಿಧಿಯಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ಅಲ್ಲಿ ನಾನಾ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳಿದ್ದರೆಂದೂ ಲೇಖ ಹೇಳುತ್ತದೆ. ಶಾಲೆಗೆ 500 ನಿವರ್ತನ ಭೂಮಿ, 27 ಮನೆಗಳು, ದೀಪಕ್ಕಾಗಿ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಮತ್ತು ಒಂದು ಮನೆ ದತ್ತವಾದವು. ಊರವರು ಮದುವೆಯಾದಾಗ ಐದು ನಾಣ್ಯ, ಉಪನಯನವಾದಾಗ ಅದರರ್ಧ, ಚೌಲವಾದಾಗ ಇನ್ನೂ ಕಡಿಮೆಯಾಗಿ ಶಾಲೆಗೆ ಸಲ್ಲಿಸತಕ್ಕದ್ದು. ಊರಲ್ಲಿ ಬ್ರಾಹ್ಮಣಭೋಜನವಾದರೆ ಶಾಲೆಯವರಿಗೂ ಯಥಾಶಕ್ತಿ ಊಟವಿಕ್ಕತಕ್ಕದ್ದು.

ಪಠ್ಯಪುಸ್ತಕದಲ್ಲಿ ಇದು ಹೇಗೆ ಬರುತ್ತದೆ? "ಸಾಲೋಟಗಿಯಲ್ಲಿ ಪ್ರಸಿದ್ಧ ವಿದ್ಯಾಪೀಠವಿತ್ತು, 27 ವಿದ್ಯಾರ್ಥಿನಿಲಯಗಳಿದ್ದುವು" ಎಂದು ಒಂದು ವಾಕ್ಯ. ಈಗ ಶಾಸನದ ಕನ್ನಡ ತಾತ್ಪರ್ಯವನ್ನು ಹತ್ತು ಮಂದಿ ವಿದ್ಯಾರ್ಥಿಗಳ ಮುಂದಿಟ್ಟು ನೋಡಿ. ಲೇಖದಲ್ಲಿರುವುದು 27 ಮನೆಗಳು ಎಂಬ ಮಾತಲ್ಲವೆ, ವಿದ್ಯಾರ್ಥಿನಿಲಯವೆಂಬುದು ಎಲ್ಲಿಂದ ಬಂತು ಎಂದು ಒಬ್ಬನಾದರೂ ಕೇಳುತ್ತಾನೆ. ದೂರದ ಸೀಮೆಗಳ ಹುಡುಗರು ಬಂದಿದ್ದ ಮೇಲೆ ಅವರಿಗೆ ಇರುವುದಕ್ಕೆ ಸ್ಥಳ ಬೇಡವೆ ಎಂದು ಇನ್ನೊಬ್ಬನು ಉತ್ತರಿಸುತ್ತಾನೆ. ಮೂರನೆಯವನು, ಅವು ಬಾಡಿಗೆ ಬರುವ ಮನೆಗಳಾಗಿದ್ದು ಆ ಹುಟ್ಟುವಳಿಯನ್ನೇ ಶಾಲೆಗೆ ಬಿಟ್ಟಿರಬಹುದೆನ್ನುತ್ತಾನೆ. ಇಲ್ಲಿ ಉಪಾಧ್ಯಾಯನ ಕೆಲಸವು ತೀರ್ಪು ಕೊಡುವುದಲ್ಲ. ಮೂವರ ಮಾತಿನಲ್ಲಿಯೂ ಲೇಖದಲ್ಲಿರುವುದೆಷ್ಟು, ಊಹೆಯೆಷ್ಟು ಎಂಬುದನ್ನು ಗೆರೆ ಎಳೆದು ತೋರಿಸುವಂತೆ ಅವರನ್ನೇ ಒತ್ತಾಯಿಸುವುದು.

ದೀಪದ ಭೂಮಿ ಇನ್ನೂ ಸೊಗಸಾದ ಪ್ರಶ್ನೆ. ರಾತ್ರಿಯ ಓದಿಗಾಗಿ ಎಣ್ಣೆಯ ವೆಚ್ಚವೆಂದು ಕೆಲವರು ತಿಳಿದಿದ್ದಾರೆ. ದೇವಾಲಯದ ಸನ್ನಿಧಿಯಲ್ಲಿದ್ದ ಶಾಲೆಗೆ ಬಿಟ್ಟ ದೀಪದ ಮಾನ್ಯವೆಂದರೆ ದೇವರ ನಂದಾದೀಪವೂ ಆಗಬಹುದಷ್ಟೆ. ನಿವರ್ತನವೆಂಬ ಅಳತೆಯಲ್ಲಿಯೂ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಕಾಲದೇಶಗಳಿಗೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಮದುವೆಯ ಕಾಣಿಕೆಯನ್ನು ತೆಗೆದುಕೊಳ್ಳಿ: ಉಪನಯನವುಳ್ಳ ಮನೆಗಳಿಂದ ಬರುವ ಕಾಣಿಕೆ, ಬ್ರಾಹ್ಮಣಭೋಜನದಲ್ಲಿ ಪಾಲು ಎಂದ ಮೇಲೆ ಈ ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು? ಲೇಖವು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿರುವುದನ್ನು ಕೂಡ ಓದಬೇಕೆಂಬುದನ್ನು ಹದಿನಾಲ್ಕು ವರ್ಷದ ಹುಡುಗ ಇಂಥ ಕಂಬದ ಮುಂದೆಯೇ ಕಲಿಯುತ್ತಾನೆ. ಏನನ್ನು ಪಾಠ ಹೇಳುತ್ತಿದ್ದರು, ಎಷ್ಟು ಮಂದಿ ಓದುತ್ತಿದ್ದರು ಎಂಬ ಪ್ರಶ್ನೆಗಳೂ ಹೀಗೆಯೇ.

ಗಣಿತದಲ್ಲಿ ರುಚಿಯುಳ್ಳ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವುಂಟು. ತಿಥಿ, ವಾರ, ಗ್ರಹಣ ಮೂರೂ ಇರುವುದರಿಂದ ಶಾಸನದ ಕಾಲವನ್ನು ಪರೀಕ್ಷಿಸಬಹುದು. ಕ್ರಿ. ಶ. 945ನೆಯ ಸೆಪ್ಟೆಂಬರ್ 9ನೆಯ ದಿನ ಅಮಾವಾಸ್ಯೆಯೂ ಹೌದು, ಮಂಗಳವಾರವೂ ಹೌದು, ಗ್ರಹಣವೂ ಹೌದು. ಸಾವಿರ ವರ್ಷಗಳ ಹಿಂದಿನ ಲಿಪಿಕಾರನ ಮಾತು ಆಕಾಶದ ಲೆಕ್ಕಕ್ಕೆ ತಾಳೆಯಾದುದನ್ನು ತನ್ನ ಕೈಯಿಂದಲೇ ಗುಣಿಸಿ ಕಂಡ ಹುಡುಗನು ಆ ಇಸವಿಯನ್ನು ಮರೆಯಲಾರನು.

ಸಾಲೋಟಗಿಯಿಂದ ಕೃಷ್ಣಾತೀರಕ್ಕೆ ಇಳಿದರೆ ಲೇಖಗಳ ಸ್ವಭಾವವೇ ಬೇರೆಯಾಗುತ್ತದೆ. ಕಂಬವು ಒಂದೇ ಸಾಕ್ಷಿ. ಇಲ್ಲಿ ಸಾಕ್ಷಿಗಳು ಹಲವರು, ಒಬ್ಬರ ಮಾತಿನಂತೆ ಇನ್ನೊಬ್ಬರದಿಲ್ಲ. 1565ರ ಜನವರಿಯಲ್ಲಿ ವಿಜಯನಗರದ ಅಳಿಯ ರಾಮರಾಯನಿಗೂ ದಕ್ಷಿಣದ ಸುಲ್ತಾನರಿಗೂ ನಡೆದ ಯುದ್ಧವನ್ನು ನಾವೆಲ್ಲರೂ ತಾಳೀಕೋಟೆಯ ಯುದ್ಧವೆಂದು ಓದಿದವರು. ತಾಳೀಕೋಟೆ ಇರುವುದು ಡೋಣಿ ನದಿಯ ಬಳಿ; ಕೃಷ್ಣೆ ಅಲ್ಲಿಂದ ಹತ್ತಾರು ಮೈಲಿ ದೂರ. ಸುಲ್ತಾನರ ಸೈನ್ಯಗಳು ತಾಳೀಕೋಟೆಗೆ ಬಂದು ಬೀಡುಬಿಟ್ಟ ಸಂಗತಿ ಫೆರಿಸ್ತನ ಗ್ರಂಥದಲ್ಲಿದೆ. ಬೀಡಿನ ಹೆಸರು ರಣರಂಗಕ್ಕೆ ಅಂಟಿಕೊಂಡಿತು. ರಾಮರಾಜನ ಬಖೈರೆಂಬ ಕನ್ನಡ ಬರಹದ ಸಂಪ್ರದಾಯವು ಯುದ್ಧವನ್ನು ರಕ್ಕಸಗಿ ತಂಗಡಗಿಗಳೆಂಬ ಎರಡು ಹಳ್ಳಿಗಳ ಹೆಸರಿನಿಂದ ಗುರುತಿಸುತ್ತದೆ. ಈ ಎರಡೂ ಮುದ್ದೇಬಿಹಾಳ ತಾಲ್ಲೂಕಿನವು, ಹೊಳೆಯ ಉತ್ತರದವು. ವಿಜಯನಗರದ ಇತಿಹಾಸವನ್ನು 1900ರಲ್ಲಿ ಬರೆದ ಸೂಯೆಲ್ ಸಾಹೇಬನಾದರೋ ರಣರಂಗವನ್ನು ಹೊಳೆಯ ದಕ್ಷಿಣಕ್ಕೆ, ಮುದಗಲ್ಲಿನ ಕಡೆಗೆ ಹುಡುಕಿದನು. ಒಂದು ನಕಾಶೆ, ಮೂರು ಲೇಖಗಳು, ಒಂದು ಗಂಟೆಯ ಕಾಲ. ತಂಗಡಗಿಯ ಹುಡುಗನು ತನ್ನ ಊರಿನ ಹೊಲಕ್ಕೂ ಪುಸ್ತಕದ ಇತಿಹಾಸಕ್ಕೂ ಏನು ಸಂಬಂಧವೆಂದು ತಿಳಿಯುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಧನ ಬೇಕಾಗಿಲ್ಲ.

ಸ್ಥಳಕ್ಕಿಂತ ಕಾರಣದ ಚರ್ಚೆ ಕಠಿಣವಾದುದು. ಫೆರಿಸ್ತನು ವಿಜಾಪುರದ ಆಸ್ಥಾನದವನು. ಅವನು ಅಲ್ಲಿಗೆ ಬಂದುದು ಯುದ್ಧ ನಡೆದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಬರೆದುದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ. ರಾಮರಾಯನ ಸೇನೆ ಅಹಮದನಗರದ ಸೀಮೆಯಲ್ಲಿ ಮಸೀದಿಗಳಿಗೆ ಅಪಚಾರವೆಸಗಿತೆಂದು ಅವನು ದೂರುತ್ತಾನೆ. ಅದೇ ಫೆರಿಸ್ತನು ಇನ್ನೊಂದೆಡೆ, ಅಲಿ ಆದಿಲಶಾಹನು ರಾಮರಾಯನ ಪುತ್ರಶೋಕದಲ್ಲಿ ಸಮಾಧಾನ ಹೇಳುವುದಕ್ಕೆ ಸ್ವತಃ ವಿಜಯನಗರಕ್ಕೆ ಹೋದನೆಂದೂ, ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದಳೆಂದೂ, ಹೊರಡುವಾಗ ರಾಮರಾಯನು ತನ್ನನ್ನು ಕಳುಹಿಸಿಕೊಡಲು ಬರಲಿಲ್ಲವೆಂದು ಅಲಿ ಮನಸ್ಸಿನಲ್ಲಿ ನೊಂದನೆಂದೂ ಬರೆಯುತ್ತಾನೆ. ಆ ದಂಡಯಾತ್ರೆಯಲ್ಲಿ ರಾಮರಾಯನ ಜತೆಗೆ ಹೋದವನೂ ಇದೇ ಅಲಿಯೇ. ಗೋಲ್ಕೊಂಡೆಯ ಇಬ್ರಾಹಿಂ ಕುತುಬಶಾಹನು ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ರಾಮರಾಯನ ಆಶ್ರಯದಲ್ಲಿಯೇ ಇದ್ದವನು. ಧರ್ಮದ್ವೇಷವೊಂದೇ ಕಾರಣವೆಂದು ಬರೆದುಕೊಂಡು ಬಂದ ವಿದ್ಯಾರ್ಥಿಯೂ, ಧರ್ಮದ ಮಾತೇ ಇಲ್ಲಿಲ್ಲವೆಂದು ವಾದಿಸಬಂದ ವಿದ್ಯಾರ್ಥಿಯೂ ಈ ಒಬ್ಬನೇ ಗ್ರಂಥಕರ್ತನ ಮುಂದೆ ನಿಂತು ಯೋಚಿಸಬೇಕಾಗುತ್ತದೆ.

ಆಮೇಲೆ ಸೀಸರ್ ಫ್ರೆಡರಿಕ್ ಎಂದು ನಮ್ಮ ಪುಸ್ತಕಗಳಲ್ಲಿ ಹೆಸರಾದ ವೆನಿಸ್ಸಿನ ವರ್ತಕನನ್ನು ಕರೆಯಬೇಕು. ಅವನು 1567ರಲ್ಲಿ ಹಾಳಾದ ರಾಜಧಾನಿಯಲ್ಲಿ ಏಳು ತಿಂಗಳು ಇದ್ದನು. ಎಪ್ಪತ್ತು ಎಂಬತ್ತು ಸಾವಿರ ದಂಡಿನ ಒಡೆಯರಾಗಿದ್ದ ಇಬ್ಬರು ಮುಸಲ್ಮಾನ ಸರದಾರರು ರಾಮರಾಯನಿಗೆ ದ್ರೋಹ ಮಾಡಿದುದರಿಂದ ಯುದ್ಧ ಸೋತಿತೆಂಬುದು ಅವನ ಹೇಳಿಕೆ. ಫೆರಿಸ್ತನಲ್ಲಿ ದ್ರೋಹದ ಸುದ್ದಿಯಿಲ್ಲ. ಆನೆಯೊಂದು ನುಗ್ಗಿದ ಗಲಭೆಯಲ್ಲಿ ರಾಮರಾಯನು ಸೆರೆಸಿಕ್ಕು, ಹುಸೇನ ನಿಜಾಮಶಾಹನ ಆಜ್ಞೆಯಂತೆ ಶಿರಚ್ಛೇದಕ್ಕೆ ಗುರಿಯಾದನೆಂದಷ್ಟೆ ಇದೆ. ವರ್ತಕನು ಘಟನೆಗೆ ಹತ್ತಿರದವನು, ಯಾರ ಉಪ್ಪನ್ನೂ ತಿಂದವನಲ್ಲ. ಆದರೆ ರಣರಂಗದಲ್ಲಿ ಇದ್ದವನೂ ಅಲ್ಲ. ಸೋತ ಪಟ್ಟಣದಲ್ಲಿ ಕೇಳಿದುದನ್ನು ಬರೆದನು. ಸೋತವರು ದ್ರೋಹದ ಮಾತನ್ನಾಡುವುದು ಲೋಕದಲ್ಲಿ ಹೊಸದಲ್ಲ. ಗೆದ್ದವರ ಆಸ್ಥಾನದಲ್ಲಿದ್ದವನು ಅದನ್ನು ಬಿಟ್ಟುಬಿಡುವುದಕ್ಕೂ ಕಾರಣವಿದ್ದಿರಬಹುದು. ಸತ್ತವರ ಸಂಖ್ಯೆ ಒಂದು ಲಕ್ಷವೆಂಬ ಫೆರಿಸ್ತನ ಲೆಕ್ಕವನ್ನು ಹುಡುಗರು ಹೇಗೆ ಎಣಿಸುವರೆಂಬುದನ್ನು ನೋಡುವುದೂ ವಿನೋದಕರವೇ. ಅಷ್ಟು ಜನರಿಗೆ ಹೊಳೆಯ ದಂಡೆಯಲ್ಲಿ ದಿನಕ್ಕೆಷ್ಟು ಜೋಳ ಬೇಕೆಂದು ಒಕ್ಕಲಿಗರ ಮನೆಯ ಹುಡುಗನು ಕೂಡಲೇ ಲೆಕ್ಕ ಹಾಕತೊಡಗುತ್ತಾನೆ.

ಇಂಥ ಗೋಷ್ಠಿಯಲ್ಲಿ ಗಲಾಟೆಯಾಗುವುದಿಲ್ಲವೆ ಎಂದು ಉಪಾಧ್ಯಾಯರು ಅಂಜುತ್ತಾರೆ. ಆಗುತ್ತದೆ. ಆದರೆ ಒಂದು ಕಟ್ಟಳೆಯನ್ನು ಮೊದಲೇ ಹಾಕಬೇಕು: ಮಾತನಾಡುವವನು ತನ್ನ ಮಾತಿಗೆ ಲೇಖದ ಯಾವ ಸಾಲು ಆಧಾರವೆಂದು ಬೆರಳಿಟ್ಟು ತೋರಿಸತಕ್ಕದ್ದು. ತೋರಿಸಲಾರದವನ ಮಾತನ್ನು ತಪ್ಪೆನ್ನಬೇಕಾಗಿಲ್ಲ, ಊಹೆಯೆಂದು ಬೇರೆ ಬರೆದಿಟ್ಟರಾಯಿತು. ಈ ಕಟ್ಟಳೆಯಿಂದ ಗಂಟಲು ದೊಡ್ಡದಾದವನ ಪ್ರಾಬಲ್ಯ ಅರ್ಧ ತಗ್ಗುತ್ತದೆ.

ಬಸವನ ಬಾಗೇವಾಡಿಯ ವಿಷಯದಲ್ಲಿ ಚರ್ಚೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಏಕೆಂದರೆ ಅಲ್ಲಿ ಲೇಖಗಳ ಜತೆಗೆ ಭಕ್ತಿಯೂ ಕುಳಿತಿರುತ್ತದೆ. ಬಸವಣ್ಣನವರ ಬಾಲ್ಯವನ್ನೇ ತೆಗೆದುಕೊಳ್ಳೋಣ. ಹರಿಹರನ ರಗಳೆಯಲ್ಲಿ ತಂದೆತಾಯಿಗಳು ಬೇಗ ತೀರಿಕೊಂಡು ಮುತ್ತವ್ವೆ ಬಾಲಕನನ್ನು ಸಾಕುತ್ತಾಳೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ತಂದೆ ಬದುಕಿದ್ದಾನೆ, ಉಪನಯನದ ವಿಷಯದಲ್ಲಿ ಮಗನು ಅವನೊಡನೆ ವಾದಿಸುತ್ತಾನೆ. ಎರಡೂ ಹಳೆಯವು, ಎರಡೂ ಭಕ್ತರ ರಚನೆಗಳು. ಇವುಗಳ ನಡುವೆ 1260ರ ಅರ್ಜುನವಾಡದ ಶಾಸನವು ಬಂದು, ತರ್ದವಾಡಿಯ ಸೀಮೆಯ ಬಾಗವಾಡಿಯನ್ನೂ ಮಾದಿರಾಜನನ್ನೂ ಅವನ ಮಗನಾದ ಬಸವನನ್ನೂ ಹೆಸರಿಸುತ್ತದೆ. ತರ್ದವಾಡಿಯೆಂದರೆ ಭೀಮಾತೀರದ ಇಂದಿನ ತದ್ದೇವಾಡಿ. ರಾಷ್ಟ್ರಕೂಟರನ್ನು 973ರಲ್ಲಿ ತೊಲಗಿಸಿದ ಚಾಲುಕ್ಯ ತೈಲಪನು ಅದಕ್ಕೆ ಮುಂಚೆ, 965ರಲ್ಲಿ, ಅವರ ಅಧೀನನಾಗಿ ಇದೇ ತರ್ದವಾಡಿ ನಾಡನ್ನು ಪಡೆದಿದ್ದನೆಂಬುದನ್ನು ಬಾಗೇವಾಡಿ ತಾಲ್ಲೂಕಿನ ನರಸಲಗಿಯ ಶಾಸನ ತಿಳಿಸುತ್ತದೆ. ಶಾಸನವು ಊರನ್ನೂ ತಂದೆಯನ್ನೂ ಹೇಳಿ ಸುಮ್ಮನಾಗುತ್ತದೆ. ಬಾಲ್ಯದ ಕಥೆ ಅದರ ಕೆಲಸವಲ್ಲ. ಕಾವ್ಯಕ್ಕೆ ಯಾವ ಪ್ರಶ್ನೆ, ಶಾಸನಕ್ಕೆ ಯಾವ ಪ್ರಶ್ನೆ ಎಂಬುದನ್ನು ವಿದ್ಯಾರ್ಥಿ ಇಲ್ಲಿ ಬೇರ್ಪಡಿಸಬಲ್ಲನಾದರೆ ಅರ್ಧ ಇತಿಹಾಸ ಕಲಿತಂತೆಯೇ.

ವಚನಗಳ ಮಾತು ಬಂದರೆ ಫ. ಗು. ಹಳಕಟ್ಟಿಯವರನ್ನು ನೆನೆಯದೆ ಮುಂದುವರಿಯುವಂತಿಲ್ಲ. 1904ರಲ್ಲಿ ವಕೀಲಿ ವೃತ್ತಿಗಾಗಿ ವಿಜಾಪುರಕ್ಕೆ ಬಂದ ಆ ಮಹನೀಯರು ಮಠಗಳಲ್ಲಿಯೂ ಮನೆಗಳಲ್ಲಿಯೂ ಇದ್ದ ತಾಳೆಯೋಲೆಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರಡಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಶರಣರ ವಿಚಾರವಾಗಿ ಇತರರು ಹೇಳಿದ್ದನ್ನು ಓದುತ್ತಿದ್ದ ಕನ್ನಡಿಗರಿಗೆ ಶರಣರ ಮಾತೇ ಕೈಗೆ ಸಿಕ್ಕಿತು. ವಕೀಲರಾಗಿದ್ದುದರಿಂದ ಸಾಕ್ಷಿಯ ಬೆಲೆಯನ್ನು ಅವರು ಬಲ್ಲವರಾಗಿದ್ದರೆಂದು ನಾವು ಊಹಿಸಿದರೆ ತಪ್ಪಾಗಲಾರದು.

ಸಾಲೋಟಗಿಯ ಶಾಲೆಯ ಲೇಖದಲ್ಲಿ ಕಾಣದವರು ವಚನಗಳಲ್ಲಿ ಕಾಣುತ್ತಾರೆ. ದೇವರ ಹಿಪ್ಪರಗಿಯವನೆಂದು ಪ್ರಸಿದ್ಧನಾದ ಮಡಿವಾಳ ಮಾಚಯ್ಯ, ಹೆಂಗಸರಾದ ಶರಣೆಯರು, ನಾನಾ ಕಸುಬಿನವರು ಇಲ್ಲಿ ಮಾತನಾಡುತ್ತಾರೆ, ವಾದಿಸುತ್ತಾರೆ. ಶೂನ್ಯಸಂಪಾದನೆಯಲ್ಲಿ ಆ ವಾದವು ಸಭೆಯ ಸಂಭಾಷಣೆಯಾಗಿಯೇ ನಿಂತಿದೆ. ಆದರೆ ಇಲ್ಲಿಯೂ ವಿದ್ಯಾರ್ಥಿಗೆ ಹೇಳಬೇಕಾದ ಸಂಗತಿಯೊಂದುಂಟು: ಬಿಡಿಬಿಡಿಯಾದ ವಚನಗಳನ್ನು ಪ್ರಶ್ನೋತ್ತರವಾಗಿ ಹೆಣೆದವನು ಶಿವಗಣಪ್ರಸಾದಿ ಮಹಾದೇವಯ್ಯ, ಅವನ ಕಾಲ 15ನೆಯ ಶತಮಾನ. ಅವನ ತರುವಾಯ ಇತರರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಕಲ್ಯಾಣದಲ್ಲಿ ಆ ದಿನ ಆಡಿದ ಮಾತು ಯಾವುದು, ಇನ್ನೂರು ವರ್ಷಗಳಿಗೂ ಮೀರಿದ ಮೇಲೆ ಜೋಡಿಸಿದ ಕ್ರಮ ಯಾವುದು ಎಂದು ಕೇಳುವುದರಿಂದ ಗ್ರಂಥದ ಘನತೆಗೆ ಕುಂದಿಲ್ಲ. ನಾಲ್ಕು ಶೂನ್ಯಸಂಪಾದನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಪ್ರಸಂಗವನ್ನು ಓದಿಸಿದರೆ ಜೋಡಿಸಿದವರ ಕೈ ತಾನಾಗಿ ಕಾಣುತ್ತದೆ.

ಈ ಕೆಲಸಕ್ಕೆ ತನ್ನ ಆಯುಷ್ಯವನ್ನು ತೆತ್ತವರೊಬ್ಬರು ಸಿಂದಗಿ ತಾಲ್ಲೂಕಿನವರೇ. ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದು 1938ರಲ್ಲಿ, ಆ ತಾಲ್ಲೂಕಿನ ಗುಬ್ಬೇವಾಡದಲ್ಲಿ. ಶಾಸನಗಳಲ್ಲಿ ಶಿವಶರಣರು ಎಂಬ ಅವರ ಗ್ರಂಥವು ಕಾವ್ಯಪುರಾಣಗಳಿಂದ ಮಾತ್ರ ಬಲ್ಲ ಹೆಸರುಗಳನ್ನು ಕಲ್ಲಿನ ಬರಹದಲ್ಲಿ ಹುಡುಕಿ ತೋರಿಸಿತು. ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟಕ್ಕೆ ಅವರು ಪ್ರಧಾನ ಸಂಪಾದಕರಾಗಿದ್ದರು. ಮೂಲಗಳಿಂದ ತಾವು ತೆಗೆದ ಕೆಲವು ನಿರ್ಣಯಗಳನ್ನು 1989ರಲ್ಲಿ ಒತ್ತಾಯಕ್ಕೆ ಒಳಗಾಗಿ ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಅವರ ನಿರ್ಣಯಗಳೆಲ್ಲವೂ ಸರಿಯೆಂದು ಒಪ್ಪಬೇಕಾದುದಿಲ್ಲ. ವಿದ್ವಾಂಸರು ಹಲವನ್ನು ಒಪ್ಪಿಲ್ಲ. ಒಪ್ಪದವನು ಮಾಡತಕ್ಕುದೇನೆಂದರೆ, ಅವರು ತೋರಿಸಿದ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲನ್ನು ತೋರಿಸುವುದು. ಅದನ್ನು ಎಳೆಯ ವಯಸ್ಸಿನಲ್ಲಿ ಬೆಂಚಿನ ಮೇಲೆ ಕುಳಿತು ಕಲಿಯದವರು ಮುಂದೆ ಎಲ್ಲಿ ಕಲಿತಾರು?

ಇದಕ್ಕೆ ವೇಳೆಯಿಲ್ಲವೆಂಬ ಆಕ್ಷೇಪಣೆ ನಮಗೆ ಗೊತ್ತಿದೆ. ವರ್ಷದ ಪಾಠವನ್ನೆಲ್ಲ ಹೀಗೆ ನಡೆಯಿಸುವುದಾಗದು, ಆಗಬೇಕಾಗಿಯೂ ಇಲ್ಲ. ವರ್ಷಕ್ಕೆ ಮೂರು ಲೇಖ, ಒಂದೊಂದಕ್ಕೆ ಎರಡು ಮೂರು ಪಾಠದ ಅವಧಿ ಸಾಕು. ಲೇಖವು ಒಂದು ಪುಟವನ್ನು ಮೀರಬಾರದು. ಹಳಗನ್ನಡವಾಗಲಿ ಸಂಸ್ಕೃತವಾಗಲಿ ಇದ್ದರೆ ಹೊಸಗನ್ನಡದ ತಾತ್ಪರ್ಯ ಜತೆಗಿರಬೇಕು. ಆದರೆ ಚರ್ಚೆಗೆ ಬರುವ ಮೂಲಶಬ್ದವನ್ನು ಬದಲಿಸದೆ ಹಾಗೆಯೇ ಉಳಿಸಬೇಕು. ಉಪಾಧ್ಯಾಯನು ತನ್ನ ಅಭಿಪ್ರಾಯವನ್ನು ಕೊನೆಯ ಹತ್ತು ನಿಮಿಷದ ವರೆಗೆ ಬಾಯಿಬಿಡದಿರುವುದು ಎಲ್ಲಕ್ಕಿಂತ ಕಷ್ಟದ ನಿಯಮ. ಪರೀಕ್ಷೆಯಲ್ಲಿಯೂ ತರಗತಿಯಲ್ಲಿ ಓದದ ಒಂದು ಸಣ್ಣ ಲೇಖವನ್ನು ಕೊಟ್ಟು, ಇದರಿಂದ ನಿಶ್ಚಯವಾಗಿ ತಿಳಿಯುವುದೇನು, ತಿಳಿಯದಿರುವುದೇನು ಎಂದು ಒಂದು ಪ್ರಶ್ನೆಯನ್ನಾದರೂ ಕೇಳದಿದ್ದರೆ ಈ ಶ್ರಮವನ್ನು ಹುಡುಗರು ಆಟವೆಂದು ತಿಳಿದುಬಿಡುತ್ತಾರೆ.

ಬೆಂಗಳೂರಿನ ಉಪಾಧ್ಯಾಯರು ಇಂಡಿಗೋ ಮುದ್ದೇಬಿಹಾಳಕ್ಕೋ ಪ್ರಯಾಣ ಮಾಡಬೇಕಾಗಿಲ್ಲ. ಊರಿನ ಅಂಚಿನ ಬೇಗೂರಿನ ದೇವಾಲಯದಲ್ಲಿ, ಸುಮಾರು 900ರದೆಂದು ಎಣಿಸಲ್ಪಟ್ಟಿರುವ ಕಲ್ಲೊಂದು ಬೆಂಗಳೂರ ಕಾಳಗದಲ್ಲಿ ಮಡಿದವನೊಬ್ಬನ ಹೆಸರನ್ನು ಹೇಳುತ್ತದೆ. ಮುದುಕಿಯೊಬ್ಬಳು ಹೊಯ್ಸಳ ದೊರೆಗೆ ಬೆಂದ ಕಾಳು ಕೊಟ್ಟುದರಿಂದ ಊರಿಗೆ ಆ ಹೆಸರು ಬಂತೆಂಬ ಕಥೆಯನ್ನು ಕೇಳಿ ಬೆಳೆದ ಮಕ್ಕಳನ್ನು ಒಂದು ಶನಿವಾರ ಅಲ್ಲಿಗೆ ಕರೆದೊಯ್ದು, ಹೊಯ್ಸಳರು ಯಾವಾಗಿನವರು, ಈ ಕಲ್ಲು ಯಾವಾಗಿನದು ಎಂದಷ್ಟೇ ಕೇಳಿ ಸುಮ್ಮನೆ ನಿಂತುಕೊಂಡರೆ ಸಾಕು.